ಎಸಿ ಕೋರ್ಟು ಕೋರ್ಟಲ್ವಾ? ಹತ್ತು ಗುಂಟೆ ತೋಟದ ಒಂದು ಪ್ರಕರಣ

ನಾನು ವಕೀಲೆಯಲ್ಲ. ಶಿರಸಿ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿಯಾದವಳು. ಯಾವ ಕಾಗದ ಎಲ್ಲಿಗೆ ಕೊಡಬೇಕು ಅಂತ ಜನರಿಗೆ ಹೇಳುವುದು ನನ್ನ ಕೆಲಸ. ಕೇಳುವುದಕ್ಕೆ ಸಣ್ಣ ಕೆಲಸ. ಆದರೆ ಅದೊಂದು ತಪ್ಪಿದರೆ ಏನಾಗುತ್ತದೆ ಅನ್ನುವುದು ಈ ಪ್ರಕರಣದಲ್ಲಿದೆ.

ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಸರ್ವೇ ನಂಬರ್ ಕೊಟ್ಟಿಲ್ಲ. ತೋಟದ ಅಳತೆಯನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ಸ್ವಲ್ಪ ಬದಲಿಸಿದ್ದೇನೆ. ಎಲ್ಲರನ್ನೂ ಅಣ್ಣ, ತಂಗಿ, ತಮ್ಮ ಅಂತಲೇ ಕರೆಯುತ್ತೇನೆ.

ಹಿನ್ನೆಲೆ

ಮೂರು ಎಕರೆ ಅಡಿಕೆ ತೋಟ, ಅಜ್ಜನ ಕಾಲದ್ದು. ತಾಯಿ ಮೊದಲೇ ತೀರಿಕೊಂಡಿದ್ದರು. ಅಪ್ಪ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ನೋಡಿಕೊಂಡವರು ಅಣ್ಣ ಮತ್ತು ಅತ್ತಿಗೆ. ಇದನ್ನು ತಂಗಿಯೂ ಒಪ್ಪುತ್ತಾಳೆ. ತಮ್ಮ ಬೆಂಗಳೂರಿನಲ್ಲಿ. ತಂಗಿಯನ್ನು ಘಟ್ಟದ ಕೆಳಗೆ, ಕಾರವಾರದ ಕಡೆ ಕೊಟ್ಟಿತ್ತು.

ಅಪ್ಪ ಹೋಗಿ ವರ್ಷಾಂತಿಕ ಆಗುವ ಮೊದಲೇ ಅಣ್ಣ ಪಹಣಿಯಲ್ಲಿ ತನ್ನ ಹೆಸರು ಹಚ್ಚಲು ಅರ್ಜಿ ಕೊಟ್ಟ. ಜೊತೆಗೆ ಒಂದು ವಿಲ್. ನೋಂದಣಿ ಆಗದ್ದು. 'ತೋಟವೆಲ್ಲ ಹಿರಿಮಗನಿಗೆ' ಅಂತ ಬರೆದಿತ್ತು. ಇಬ್ಬರು ಸಾಕ್ಷಿಗಳ ಸಹಿ ಇತ್ತು, ಇಬ್ಬರೂ ಊರಿನ ಹಿರಿಯರು. ತಂಗಿಗೆ ನೋಟಿಸು ಬಂತು. ಅವಳು ತಕರಾರು ಹಾಕಿದಳು. ಅಲ್ಲಿಗೆ ಅದು ವಿವಾದಿತ ಪ್ರಕರಣವಾಗಿ ತಹಶೀಲ್ದಾರರ ಮುಂದೆ ಹೋಯಿತು. ಕೆಲವು ತಿಂಗಳ ಮೇಲೆ ಆದೇಶ: ವಿಲ್ ಆಧಾರದ ಮೇಲೆ ಅಣ್ಣನ ಹೆಸರು ದಾಖಲಿಸಿ. ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಅಪ್ಪನ ಹೆಸರಿದ್ದ ಜಾಗದಲ್ಲಿ ಈಗ ಅಣ್ಣನದೊಂದೇ ಹೆಸರು.

ತಂಗಿಗೆ ಸಿಟ್ಟು ಬಂತು. ಇಲ್ಲಿ ಅವಳು ತೆಗೆದುಕೊಂಡ ಒಂದು ತೀರ್ಮಾನವೇ ಇಡೀ ಪ್ರಕರಣದ ಗಂಟು.

ಮೊದಲ ಏಣಿ

ಅವಳಿಗೆ ಸಲಹೆ ಕೊಟ್ಟವರು ಕೋರ್ಟು ಕಚೇರಿ ತಿರುಗಿ ಗೊತ್ತಿದ್ದ ಒಬ್ಬ ನೆಂಟರು. "ಸಿವಿಲ್ ಕೋರ್ಟಿಗೆ ಹೋದ್ರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು. ಎಸಿ ಕೋರ್ಟಿಗೆ ಹೋಗು, ಬೇಗ ಆಗ್ತದೆ." ಕಾನೂನಿನ ಪ್ರಕಾರ ಇದು ತಪ್ಪೇನಲ್ಲ. ಭೂ ಕಂದಾಯ ಕಾಯ್ದೆ 1964ರ 136ನೇ ಕಲಮಿನಲ್ಲಿ ತಹಶೀಲ್ದಾರರ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ, ಅಪೀಲು ಇದೆ, ಅದರ ಮೇಲೆ ಜಿಲ್ಲಾಧಿಕಾರಿಗೆ, ಅಂದರೆ ಡಿಸಿಗೆ, ರಿವಿಜನ್ (ಮರುಪರಿಶೀಲನೆ) ಇದೆ. ಏಣಿ ಇರುವುದು ನಿಜ. ಆದರೆ ಅದು ಯಾವ ಅಟ್ಟಕ್ಕೆ ಹತ್ತಿಸುತ್ತದೆ ಅಂತ ಯಾರೂ ಕೇಳಲಿಲ್ಲ.

ನಮ್ಮ ಜನರ ಬಾಯಲ್ಲಿ ಅದು 'ಎಸಿ ಕೋರ್ಟು', 'ಡಿಸಿ ಕೋರ್ಟು'. ಹಾಗೆ ಕರೆಯುವುದರಲ್ಲಿ ಆಶ್ಚರ್ಯವೂ ಇಲ್ಲ. ಎತ್ತರದ ಮೇಜು ಇರುತ್ತದೆ. ಹೆಸರು ಕೂಗುತ್ತಾರೆ. ವಕೀಲರು ಕರಿ ಕೋಟಿನಲ್ಲಿ ಬರುತ್ತಾರೆ, ವಕಾಲತ್ತು ಹಾಕುತ್ತಾರೆ, ಮುಂದಿನ ತಾರೀಕು ಕೊಡುತ್ತಾರೆ. ಇಷ್ಟೆಲ್ಲ ಇದ್ದ ಮೇಲೆ ಕೋರ್ಟು ಅಲ್ದೆ ಮತ್ತೇನು ಅಂತ ಯಾರಿಗಾದರೂ ಅನಿಸುತ್ತದೆ. ಅಲ್ಲಿ ಕೂತವರಿಗೆ ಕಾನೂನು ಕೊಟ್ಟ ಕೆಲಸ ಮಾತ್ರ ಬೇರೆ: ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿರಬೇಕು ಅಂತ ನೋಡುವುದು. ಭೂಮಿ ಯಾರದ್ದು ಅಂತ ಕೊನೆಯದಾಗಿ ಹೇಳುವುದಲ್ಲ. ಪಹಣಿಯಲ್ಲಿ ಬರೆದದ್ದನ್ನು ನಿಜ ಅಂತ ನಂಬಬೇಕು, ಆದರೆ ಅದು ಸುಳ್ಳು ಅಂತ ಸಾಬೀತಾಗುವವರೆಗೆ ಮಾತ್ರ. ಅದೇ ಕಾಯ್ದೆಯ 133ನೇ ಕಲಂ ಹೇಳುವುದು ಇಷ್ಟೇ. ಹಕ್ಕಿನ ಬಗ್ಗೆ ತಕರಾರಿದ್ದರೆ ದಾವೆ ಹಾಕಿ, ಡಿಕ್ರಿ ಬಂದರೆ ಅದರಂತೆ ದಾಖಲೆ ತಿದ್ದುತ್ತೇವೆ ಅಂತ 135ನೇ ಕಲಂ ದಾರಿಯನ್ನೂ ತೋರಿಸುತ್ತದೆ. ದಾವೆ ಅಂದರೆ ಸಿವಿಲ್ ಕೋರ್ಟು.

ಅಪೀಲಿನಲ್ಲಿ ತಂಗಿ ಗೆದ್ದಳು. ತಹಶೀಲ್ದಾರರ ಆದೇಶ ರದ್ದಾಯಿತು. ಅಣ್ಣ ರಿವಿಜನ್‌ಗೆ ಹೋದ. ಕಾರವಾರದಲ್ಲಿ ನಡೆಯುತ್ತದೆ ಅಂತ ತಂಗಿಗೆ ಖುಷಿ, ಮನೆಗೆ ಹತ್ತಿರ. ಅಲ್ಲಿ ಅಣ್ಣ ಗೆದ್ದ. ಪಹಣಿಯಲ್ಲಿ ಹೆಸರು ಬಂತು, ಹೋಯಿತು, ಮತ್ತೆ ಬಂತು. ಹಾವು ಏಣಿ ಆಟದ ಹಾಗೆ.

ನಡುವೆ ಯಾರೋ 'ವಿಲ್ ಖೊಟ್ಟಿ ಅಂತ ಪೊಲೀಸ್ ಕಂಪ್ಲೇಂಟ್ ಕೊಡು' ಅಂದರು. ಕೊಟ್ಟಳು. 'ಇದು ಸಿವಿಲ್ ಸ್ವರೂಪದ್ದು' ಅಂತ ಹಿಂಬರಹ ಸಿಕ್ಕಿತು. ಆ ಚೀಟಿಯಲ್ಲಿ ಉತ್ತರ ಇತ್ತು. ಅವಳು ಅದನ್ನು ಅವಮಾನ ಅಂತ ಮಡಚಿಟ್ಟಳು.

ಈ ಹೊತ್ತಿಗೆ ಐದು ವರ್ಷ ದಾಟಿತ್ತು. ವಿಲ್‌ಗೆ ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ತೀರಿಕೊಂಡರು. ಆಗ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತೋಟದ ಮೇಲಿನ ಮನೆಯವರು ಹೋದರು ಅಂತ ಎರಡೂ ಕಡೆಯವರು ಸೂತಕದ ಮನೆಗೆ ಹೋಗಿ ಬಂದರು, ಅಷ್ಟೆ.

ಧಾರವಾಡ

ಮುಂದಿನ ಮೆಟ್ಟಿಲು ಹೈಕೋರ್ಟು. ನಮ್ಮ ಜಿಲ್ಲೆಗೆ ಹೈಕೋರ್ಟು ಅಂದರೆ ಈಗ ಧಾರವಾಡ ಪೀಠ. ಇದರ ಹಿಂದೆ ಒಂದು ಕತೆ ಇದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ ಬಿಟ್ಟು ಮುಂಬೈ ಪ್ರಾಂತಕ್ಕೆ ಸೇರಿತು. ಮುಂಬೈ ಹೈಕೋರ್ಟು ಶುರುವಾದದ್ದೂ ಅದೇ ವರ್ಷ. 1956ರ ನಂತರ ದಿಕ್ಕು ಬದಲಾಗಿ ಬೆಂಗಳೂರು. ಧಾರವಾಡದಲ್ಲಿ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ಅದಕ್ಕೂ ಮೊದಲು ಒಂದು ತಾರೀಕಿಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಕೋರ್ಟು ಮುಗಿಸಿ ಮತ್ತೆ ರಾತ್ರಿ ಬಸ್ಸು ಹಿಡಿದವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಈಗ ಶಿರಸಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ.

ತಂಗಿ ರಿಟ್ ಅರ್ಜಿ ಹಾಕಿದಳು, ಅಂದರೆ ಅಧಿಕಾರಿಗಳ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವ ಅರ್ಜಿ. ವಿಚಾರಣೆಗೆ ಬಂದ ದಿನ ಹತ್ತು ನಿಮಿಷವೂ ಹಿಡಿಯಲಿಲ್ಲವಂತೆ. 'ಎಲ್ಲರ ಕೇಸೂ ಅಷ್ಟೊತ್ತು ನಡೀತು, ನಮ್ಮದು ಮಾತ್ರ ಕರೆದ ಹಾಗೆ ಮಾಡಿ ಕಳಿಸಿಬಿಟ್ರು' ಅಂತ ಅವಳ ದೂರು. ಆದೇಶ ನಾನು ಓದಿದೆ. ಎರಡೂವರೆ ಪುಟ. ವಿಲ್ ನಿಜವೋ ಸುಳ್ಳೋ ಅನ್ನುವುದನ್ನು ಕಂದಾಯ ಅಧಿಕಾರಿಗಳು ತೀರ್ಮಾನಿಸುವಂತಿಲ್ಲ. ರಿಟ್‌ನಲ್ಲಿ ಸಾಕ್ಷಿ ಕರೆಸಿ ಅದನ್ನು ಪರೀಕ್ಷಿಸಲು ಬರುವುದಿಲ್ಲ. ಅರ್ಜಿದಾರರು ಸಿವಿಲ್ ಕೋರ್ಟಿಗೆ ಹೋಗಲು ಸ್ವತಂತ್ರರು. ಪಹಣಿಯ ನಮೂದು ಆ ಕೋರ್ಟಿನ ತೀರ್ಪಿಗೆ ಒಳಪಟ್ಟಿರುತ್ತದೆ.

ಇದು ಹೊಸ ಮಾತೇನಲ್ಲ. ಜಿತೇಂದ್ರ ಸಿಂಗ್ ಮತ್ತು ಮಧ್ಯಪ್ರದೇಶ ಸರ್ಕಾರದ ಪ್ರಕರಣದಲ್ಲಿ 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತ್ತು: ಮ್ಯುಟೇಶನ್‌ನಿಂದ (ಪಹಣಿಯಲ್ಲಿ ಹೆಸರು ಬದಲಿಸುವುದರಿಂದ) ಯಾರಿಗೂ ಹಕ್ಕು ಹುಟ್ಟುವುದಿಲ್ಲ, ವಿಲ್ ಬಗ್ಗೆ ತಕರಾರಿದ್ದರೆ ಮೊದಲು ಸಿವಿಲ್ ಕೋರ್ಟಿನಲ್ಲಿ ಇತ್ಯರ್ಥ ಮಾಡಿಕೊಂಡು ಬನ್ನಿ. ಅದಕ್ಕೂ ಮೊದಲಿನ ತೀರ್ಪುಗಳಲ್ಲೂ ಈ ಮಾತು ಇದೆ. ಸುಪ್ರೀಂ ಕೋರ್ಟು ಹೇಳಿದ ಕಾನೂನು ದೇಶದ ಎಲ್ಲ ಕೋರ್ಟಿಗೂ ಅನ್ವಯ, ಸಂವಿಧಾನದ 141ನೇ ವಿಧಿ. ಹಾಗಾಗಿ ಧಾರವಾಡದಲ್ಲಿ ಹತ್ತು ನಿಮಿಷ ಸಾಕಾಯಿತು.

ಕ್ಯಾಲೆಂಡರಿನ ಹಿಂಭಾಗ

ಅವಳು ನನ್ನ ಹತ್ತಿರ ಬಂದದ್ದು ಇದಾದ ಮೇಲೆ. ನನ್ನ ಶಾಲೆಯಲ್ಲಿ ಕಲಿತವಳು. ಐವತ್ತು ದಾಟಿದೆ, ಆದರೂ ನನ್ನೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಾಳೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಕೇಸಿನ ಕಾಗದ ಒಟ್ಟಿಗೆ ತುಂಬಿದ್ದಳು.

"ಅಕ್ಕೋರೇ, ಎಲ್ಲಾ ಕೋರ್ಟೂ ಮುಗೀತು. ಇನ್ನು ಡೆಲ್ಲಿ ಒಂದೇ ಬಾಕಿ ಅಲ್ದಾ?"

"ಇಲ್ವೆ. ನೀನು ಇನ್ನೂ ಕೋರ್ಟಿಗೇ ಹೋಗಿಲ್ಲ" ಅಂದೆ. ಹೈಕೋರ್ಟನ್ನು ಬಿಟ್ಟರೆ ಅದು ನಿಜವೂ ಆಗಿತ್ತು. ಅವಳ ಮುಖ ನೋಡಿ, ಅಷ್ಟು ಒರಟಾಗಿ ಹೇಳಬಾರದಿತ್ತು ಅನಿಸಿತು.

ಗೋಡೆಯ ಮೇಲಿನ ಕ್ಯಾಲೆಂಡರಿನ ಹಳೇ ತಿಂಗಳ ಹಾಳೆ ಕಿತ್ತು, ಹಿಂದುಗಡೆ ಎರಡು ಏಣಿ ಬರೆದೆ. ಎಡಗಡೆ ತಹಶೀಲ್ದಾರ್, ಎಸಿ, ಡಿಸಿ. ಬಲಗಡೆ ಶಿರಸಿಯ ಸಿವಿಲ್ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು, ಅವರ ಮೇಲೆ ಜಿಲ್ಲಾ ನ್ಯಾಯಾಲಯ. ಎರಡರ ತಲೆಯ ಮೇಲೂ ಧಾರವಾಡ, ಅದರ ಮೇಲೆ ದೆಹಲಿ. ಎರಡೂ ಧಾರವಾಡದಲ್ಲಿ ಕೂಡುತ್ತವೆ ನಿಜ. ಆದರೆ ಎಡಗಡೆಯಿಂದ ಹೋದವರಿಗೆ ಅಲ್ಲಿ ಸಿಗುವ ಉತ್ತರ 'ಅಧಿಕಾರಿ ತನ್ನ ವ್ಯಾಪ್ತಿ ಮೀರಿದ್ದಾರೋ ಇಲ್ವೋ' ಅನ್ನುವುದಕ್ಕೆ. 'ತೋಟ ಯಾರದ್ದು' ಅನ್ನುವುದಕ್ಕಲ್ಲ. ತೋಟದ ಪ್ರಶ್ನೆಗೆ ಬಲಗಡೆಯ ಕೆಳಗಿನ ಮೆಟ್ಟಿಲಿನಿಂದಲೇ ಶುರು ಮಾಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೇ ಕಲಮಿನ ಪ್ರಕಾರ, ಕೇಸು ನಡೆಸುವ ಅಧಿಕಾರ ಇರುವ ಕೋರ್ಟುಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲೇ ಹಾಕಬೇಕು.

"ಹಾಗಾದ್ರೆ ಕಾರವಾರದಲ್ಲೇ ಹಾಕ್ತೆ. ಫ್ರಿಜ್ಜಿನ ಕೇಸು ಅಲ್ಲೇ ಹಾಕಿದ್ದೆ."

ಈ ಪ್ರಶ್ನೆಯನ್ನು ತೀರಾ ಹಗುರ ಮಾಡುವಂತಿಲ್ಲ. ಹಿಂದೊಮ್ಮೆ ಅವಳ ಫ್ರಿಜ್ಜು ಕೆಟ್ಟು, ಬೇರೆ ಊರಿನ ಕಂಪನಿಯ ಮೇಲೆ ಕಾರವಾರದ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟು ದುಡ್ಡು ವಾಪಸ್ ತೆಗೆದಿದ್ದಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ರಸ್ತೆ ಅಪಘಾತದ ಪರಿಹಾರಕ್ಕೂ ಹಾಗೆಯೇ, ಅರ್ಜಿದಾರರು ವಾಸವಿರುವ ಊರಿನ ಟ್ರಿಬ್ಯೂನಲ್ ನಡೆಯುತ್ತದೆ. ಆದರೆ ಜಮೀನಿನ ವಿಷಯ ಬೇರೆ. ಸಂಹಿತೆಯ 16ನೇ ಕಲಂ: ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿಯ ಕೋರ್ಟು. ನೀನು ಕಾರವಾರಕ್ಕಾದರೂ ಹೋಗು, ಕಾಶಿಗಾದರೂ ಹೋಗು, ತೋಟ ಎದ್ದು ಬರುವುದಿಲ್ಲ ಅಲ್ವಾ? ಅದು ಶಿರಸಿಯಲ್ಲೇ ಇದೆ. ಪ್ರತಿ ತಾರೀಕಿಗೂ ಅವಳು ನಸುಕಿನ ಬಸ್ಸು ಹಿಡಿದು, ಕುಮಟಾಕ್ಕೆ ಬಂದು, ದೇವಿಮನೆ ಘಟ್ಟ ಹತ್ತಬೇಕು.

ಇನ್ನೊಂದು ಸಂಗತಿ ಅವಳಿಗೆ ಯಾರೂ ಹೇಳಿರಲಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನಲ್ಲಿ ಹೆಂಗಸರಿಗೆ ಉಚಿತ ವಕೀಲರ ನೆರವು ಇದೆ. ಆದಾಯ ಎಷ್ಟೇ ಇರಲಿ. ಆರು ವರ್ಷ ಬಳೆ ಅಡವಿಟ್ಟು ವಕೀಲರ ಫೀ ಕಟ್ಟಿದ್ದಳು.

ದಾವೆ

ನೆರವಿಗೆ ಬಂದ ವಕೀಲೆ ಚಿಕ್ಕ ವಯಸ್ಸಿನವಳು, ಚುರುಕು. ಅವಳು ತೆಗೆದುಕೊಂಡ ಒಂದು ತೀರ್ಮಾನದಿಂದ ಪ್ರಕರಣದ ದಿಕ್ಕೇ ಬದಲಾಯಿತು ಅಂತ ನನ್ನ ಅಭಿಪ್ರಾಯ. ತಂಗಿಗೆ ಬೇಕಾಗಿದ್ದದ್ದು 'ವಿಲ್ ಸುಳ್ಳು' ಅಂತ ಕೋರ್ಟು ಘೋಷಿಸುವುದು. ಅಣ್ಣನ ಮೇಲಿನ ಸಿಟ್ಟು ಹಾಗೆ ಕೇಳಿಸುತ್ತಿತ್ತು. ವಕೀಲೆ ಬೇಡ ಅಂದಳು. ಘೋಷಣೆಯ ದಾವೆಗೆ ಮೂರು ವರ್ಷದ ಕಾಲಮಿತಿ ಇದೆ. ತಕರಾರು ಹುಟ್ಟಿ ಅದರ ಎರಡು ಪಟ್ಟು ಕಳೆದಿತ್ತು. ಎಡಗಡೆಯ ಏಣಿಯಲ್ಲಿ ಹತ್ತಿಳಿದ ವರ್ಷಗಳನ್ನು ಕೋರ್ಟು ಮಾಫಿ ಮಾಡುತ್ತದೆ ಅನ್ನುವ ಭರವಸೆ ಇರಲಿಲ್ಲ.

"ನಾವು ಪಾಲು ಕೇಳೋಣ" ಅಂದಳು. "ವಿಲ್ ಇದೆ ಅಂತ ಅಣ್ಣ ಹೇಳಲಿ. ಹೇಳಿದವರೇ ಸಾಬೀತು ಮಾಡಬೇಕು."

ಹಾಗೇ ಆಯಿತು. ಪಾಲಿನ ದಾವೆ, ಜೊತೆಗೆ ತೋಟ ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ. ತಡೆಯಾಜ್ಞೆ ಕೆಲವೇ ವಾರದಲ್ಲಿ ಸಿಕ್ಕಿತು. ಆರು ವರ್ಷ ಪಹಣಿ ಹಿಡಿದು ಜಗಳಾಡಿದರೂ ಸಿಗದಿದ್ದ ರಕ್ಷಣೆ ಅದು.

ಆಮೇಲೆ ಕೋರ್ಟು ವಿವಾದಾಂಶಗಳನ್ನು ಬರೆಯಿತು. ಅದರಲ್ಲಿ ಮೊದಲನೆಯದೇ ಒಂದು ಸಾದಾ ಪ್ರಶ್ನೆ: ತೋಟ ಅಪ್ಪನ ಸ್ವಂತದ್ದೋ, ಪಿತ್ರಾರ್ಜಿತವೋ? ಎಡಗಡೆಯ ಏಣಿಯಲ್ಲಿ ಈ ಪ್ರಶ್ನೆ ಏಳಲೇ ಇಲ್ಲ. ಅಲ್ಲಿ ಕೇಳುತ್ತಿದ್ದದ್ದು ಯಾರ ಹೆಸರು ಅಂತ ಮಾತ್ರ. ಮುಂಬೈ ಸರ್ಕಾರದ ಕಾಲದ ಕೈಬರಹದ ಉತಾರ (ಹಳೇ ಪಹಣಿ) ಹುಡುಕಿಸಿದೆವು. ಅಜ್ಜನ ಹೆಸರು ಸ್ಪಷ್ಟ ಇತ್ತು.

ಪಿತ್ರಾರ್ಜಿತ ಅಂದ ಕೂಡಲೇ ಲೆಕ್ಕ ತಲೆಕೆಳಗಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳೂ ಹುಟ್ಟಿನಿಂದಲೇ ಸಮಾನ ಪಾಲುದಾರಳು. ಆ ಬಗ್ಗೆ ಇದ್ದ ಗೊಂದಲವನ್ನು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿದೆ. ಅಪ್ಪ, ಅಣ್ಣ, ತಂಗಿ, ತಮ್ಮ, ನಾಲ್ಕು ಪಾಲು. ಅಪ್ಪ ವಿಲ್ ಬರೆಯಬಹುದಾಗಿದ್ದದ್ದು ತನ್ನ ಕಾಲು ಪಾಲಿಗೆ ಮಾತ್ರ. ಮೂರು ಎಕರೆ ಅಂದರೆ 120 ಗುಂಟೆ. ವಿಲ್ ನೂರಕ್ಕೆ ನೂರು ನಿಜ ಅಂತಾದರೂ ತಂಗಿಗೆ 30 ಗುಂಟೆ ಗ್ಯಾರಂಟಿ. ವಿಲ್ ಬಿದ್ದುಹೋದರೆ ಮೂವರಿಗೂ ಸಮ, 40 ಗುಂಟೆ. ಆರು ವರ್ಷ, ನಾಲ್ಕು ಕಚೇರಿ, ಎರಡು ಮನೆಯ ನೆಂಟಸ್ತಿಕೆ ಹಾಳು. ತಂಗಿಯ ಮಟ್ಟಿಗೆ ಆ ವಿಲ್‌ನಿಂದ ಆಗುವ ವ್ಯತ್ಯಾಸ ಹತ್ತು ಗುಂಟೆ.

ಇದನ್ನು ವಕೀಲೆ ಹೇಳಿದಾಗ ತಂಗಿ ಸ್ವಲ್ಪ ಹೊತ್ತು ಸುಮ್ನೆ ಕೂತಳು. "ಅಣ್ಣಂಗೆ ಇದು ಗೊತ್ತಿದ್ದಾ?" ಅಂತ ಕೇಳಿದಳು. ಅವನಿಗೂ ಗೊತ್ತಿರಲಿಲ್ಲ. ಪಹಣಿಯಲ್ಲಿ ಹೆಸರು ಬಂದ ದಿನವೇ ಪೂರ್ತಿ ತೋಟ ತನ್ನದಾಯಿತು ಅಂತ ಅವನು ನಂಬಿದ್ದ.

ಸಾಕ್ಷಿಕಟ್ಟೆ

ವಿಲ್ ಸಾಬೀತು ಮಾಡಲು ಸಾಕ್ಷಿ ಸಹಿ ಹಾಕಿದ ಒಬ್ಬರನ್ನಾದರೂ ಕೋರ್ಟಿಗೆ ಕರೆಸಬೇಕು. ಬದುಕಿದ್ದವರು ಒಬ್ಬರೇ. ಎಂಬತ್ತು ದಾಟಿದ ಅಜ್ಜ. ಅಣ್ಣನೇ ಕಾರಿನಲ್ಲಿ ಕರೆತಂದ. ಅಜ್ಜ ಕಟ್ಟೆ ಹತ್ತಿ, ಹೆಗಲ ಮೇಲಿನ ಶಾಲು ಮಡಚಿ ಕೈಯಲ್ಲಿ ಹಿಡಿದುಕೊಂಡರು. ಸಹಿ ತೋರಿಸಿದಾಗ ಕನ್ನಡಕ ಮೇಲೆ ಸರಿಸಿ ಹತ್ತಿರದಿಂದ ನೋಡಿದರು. "ಹೌದು, ಇದು ನಂದೇಯ."

"ನೀವು ಸಹಿ ಹಾಕುವಾಗ ಅವರು ನಿಮ್ಮೆದುರು ಸಹಿ ಹಾಕಿದ್ರಾ?"

"ಇಲ್ಲ. ನಾ ಹೋಗೂ ಹೊತ್ತಿಗೆ ಅವ್ರದ್ದು ಆಗಿತ್ತು. ಅವ್ರು ಒಳಗೆ ಮಲಗಿದ್ರು. ನಾ ಜಗಲಿ ಮೇಲೆ ಹಾಕ್ದೆ."

"ಇದು ನನ್ನ ಸಹಿ ಅಂತ ಅವರು ನಿಮಗೆ ಹೇಳಿದ್ರಾ?"

ಅಜ್ಜ ತುಂಬಾ ಹೊತ್ತು ಯೋಚಿಸಿದರು. "ನೆನಪಾಗ್ತಿಲ್ಲ ಸ್ವಾಮಿ."

ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ 63ನೇ ಕಲಮಿನಂತೆ ಸಾಕ್ಷಿ ಆ ಸಹಿ ಹಾಕುವುದನ್ನು ನೋಡಿರಬೇಕು, ಇಲ್ಲವೇ ಬರೆದವರೇ 'ಇದು ನನ್ನ ಸಹಿ' ಅಂತ ಅವರಿಗೆ ಹೇಳಿರಬೇಕು. ಅಜ್ಜ ಸುಳ್ಳು ಹೇಳಲಿಲ್ಲ, ಮರೆತಿದ್ದರು. ಅಪ್ಪ ಬಾಗಿಲಿನಿಂದ ಒಂದು ಮಾತು ಹೇಳಿರಲೂಬಹುದು. ಆರೇಳು ವರ್ಷ ಮೊದಲು ಕೇಳಿದ್ದರೆ ಅಜ್ಜನಿಗೆ ನೆನಪಿರುತ್ತಿತ್ತೋ ಏನೋ. ತೀರಿಕೊಂಡ ಇನ್ನೊಬ್ಬ ಸಾಕ್ಷಿಯೂ ಬಂದು ಹೇಳುತ್ತಿದ್ದರೋ ಏನೋ. ಪಹಣಿಯ ಜಗಳದಲ್ಲಿ ವರ್ಷ ಕಳೆದದ್ದಕ್ಕೆ ತಂಗಿ ದುಡ್ಡು ತೆತ್ತಳು. ಅಣ್ಣ ಸಾಕ್ಷಿಯನ್ನೇ ತೆತ್ತ. ಗೆದ್ದೆ ಅಂದುಕೊಂಡವನಿಗೇ ಜಾಸ್ತಿ ನಷ್ಟ ಅಂತ ನನಗೆ ಅವತ್ತು ಅನಿಸಿತು.

ಆ ಮಧ್ಯಾಹ್ನ ಕೋರ್ಟಿನ ಹೊರಗೆ ಅಣ್ಣನೇ ತಂಗಿಯ ಹತ್ತಿರ ಬಂದು "ಊಟ ಆತನೆ?" ಅಂತ ಕೇಳಿದ. ಏಳೆಂಟು ವರ್ಷದಲ್ಲಿ ಅವರಿಬ್ಬರ ಮೊದಲ ಮಾತು ಅದು.

ಮುಂದಿನ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಪ್ಪನನ್ನು ನೋಡಿಕೊಂಡದ್ದಕ್ಕೆ ಅಂತ ತಂಗಿ ಐದು ಗುಂಟೆ ಬಿಟ್ಟುಕೊಟ್ಟು 35ಕ್ಕೆ ಒಪ್ಪಿದಳು. ತಮ್ಮನಿಗೂ ಅಷ್ಟೇ. ಅಣ್ಣನಿಗೆ 50 ಗುಂಟೆ ಮತ್ತು ಮನೆ. ಬಾವಿಯ ನೀರು, ಕಾಲುದಾರಿ ಎಲ್ಲರಿಗೂ. ಲೋಕ ಅದಾಲತ್‌ನ ತೀರ್ಮಾನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ್ದ ಕೋರ್ಟ್ ಫೀ ವಾಪಸ್ ಸಿಗುತ್ತದೆ.

ಈಗ ನನ್ನ ಹತ್ತಿರ ಯಾರಾದರೂ ಪಹಣಿ ಹಿಡಿದು ಬಂದರೆ ಮೊದಲು ಕೇಳುವುದು ಒಂದೇ: ನಿಮಗೆ ಪುಸ್ತಕದಲ್ಲಿ ಹೆಸರು ತಿದ್ದಿಸಬೇಕಾ, ಹಕ್ಕು ಗಟ್ಟಿ ಮಾಡಿಸಬೇಕಾ? ಅಕ್ಷರ ತಪ್ಪಾಗಿದ್ದರೆ, ಸತ್ತವರ ವಾರಸುದಾರರೆಲ್ಲ ಒಪ್ಪಿದ್ದರೆ, ನೋಂದಾಯಿತ ಪತ್ರ ಇದ್ದೂ ಹೆಸರು ಏರದಿದ್ದರೆ, ಎಡಗಡೆಯ ಏಣಿ ಸಾಕು. ಅಲ್ಲಿ ಕೆಲಸ ಬೇಗವೂ ಆಗುತ್ತದೆ. ವಿಲ್ ಸುಳ್ಳು, ಸಹಿ ನನ್ನದಲ್ಲ, ನನಗೂ ಪಾಲಿದೆ ಅನ್ನುವ ಮಾತು ಬಂದರೆ ಬಲಗಡೆ. ತಂಗಿ ಮ್ಯುಟೇಶನ್‌ಗೆ ತಕರಾರು ಹಾಕಿದ್ದು ತಪ್ಪಲ್ಲ, ಹಾಕದಿದ್ದರೆ ತೋಟ ಸುಮ್ನೆ ಕೈಬದಲಾಗುತ್ತಿತ್ತು. ತಕರಾರು ಹಾಕಿದ ತಿಂಗಳಲ್ಲೇ ದಾವೆಯನ್ನೂ ಹಾಕಿ ತಡೆಯಾಜ್ಞೆ ತರಬೇಕಿತ್ತು. 'ಸಿವಿಲ್ ಕೋರ್ಟು ನಿಧಾನ' ಅಂತ ಹೆದರಿಸಿದ ನೆಂಟರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಇಲ್ಲಿ ದಾವೆ ಶುರುವಾದ ಮೇಲೆ ರಾಜಿಗೆ ಹಿಡಿದದ್ದು ಎರಡೂವರೆ ವರ್ಷ. ಅದಕ್ಕೂ ಮೊದಲು ಕಳೆದದ್ದು ಆರು ದಾಟಿ.

ಡಿಕ್ರಿಯ ಪ್ರತಿ ಹಿಡಿದು ಮತ್ತೆ ಎಡಗಡೆಯ ಮೊದಲ ಮೆಟ್ಟಿಲಿಗೇ ಹೋದೆವು. ಸರ್ವೆ, ಪೋಡಿ (ಪಾಲಿನಂತೆ ಜಮೀನು ಬೇರೆ ಮಾಡುವುದು), ಮ್ಯುಟೇಶನ್. ಈ ಸಲ ತಕರಾರು ಹಾಕುವವರು ಯಾರೂ ಇರಲಿಲ್ಲ. ಹೊಸ ಪಹಣಿ ಕೈಗೆ ಬಂದ ದಿನ ತಂಗಿ ಅದನ್ನು ಒಂಬತ್ತನೇ ಕಾಲಮ್ಮಿನ ಹತ್ತಿರ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ತಲೆ ಎತ್ತಿದಳು.

"ಅಕ್ಕೋರೇ, ತೋಟಕ್ಕೆ ಸೊಪ್ಪು ಬೇಕಲ್ದಾ? ಬೆಟ್ಟದಲ್ಲಿ ನನ್ನ ಪಾಲಿಗೆ ಯಾವ ಕೋರ್ಟು?"

ಬೆಟ್ಟ ಸರ್ಕಾರದ್ದು, ಸೊಪ್ಪು ತರುವ ಸವಲತ್ತು ಮಾತ್ರ ತೋಟದ್ದು. ಅದಕ್ಕೆ ಮೊದಲು ಅರಣ್ಯ ಇಲಾಖೆಯ ಬಾಗಿಲು. ಕ್ಯಾಲೆಂಡರಿನ ಹಾಳೆ ಅವಳ ಚೀಲದಲ್ಲೇ ಇತ್ತು. ಹೊರಗೆ ತೆಗೆಸಿ, ಪಕ್ಕದಲ್ಲಿ ಮೂರನೇ ಏಣಿ ಬರೆಯಲು ಕೂತೆ.